ಪರ್ಸೆಂಟೇಜ್ ನೋಡಿ ಸೊನ್ನೆ ಹಾಕ್ಬೋದಾ ಮೇಡಂ?

ಹೋದ ತಿಂಗಳು ಕಾಲೇಜಲ್ಲಿ ಏಐ ಬಳಸೋದ್ರ ಬಗ್ಗೆ ಒಂದು ಚಿಕ್ಕ ಪ್ರಶ್ನೆಗೆ ಉತ್ತರ ಬರ್ದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಸ್ಟೂಡೆಂಟ್ಸು, ಲೆಕ್ಚರರ್ಸು, ಒಬ್ಬ ತಂದೆ, ಒಬ್ರು ಪ್ರಿನ್ಸಿಪಾಲ್ರು, ಎಲ್ಲರ ಕೈಲೂ ಒಂದೊಂದು ತಕರಾರು. ಪೂರ್ತಿ ಹಾಕೋಕೆ ಜಾಗ ಇಲ್ಲ, ಏಳನ್ನ ಆರಿಸಿದೀನಿ. ನಾನು ಇಪ್ಪತ್ತೆರಡು ವರ್ಷದಿಂದ ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತಿರೋಳು, ಸಾಫ್ಟ್‌ವೇರ್ ಕಂಪನಿಯವಳಲ್ಲ, ಹಾಗಾಗಿ ಉತ್ತರನೂ ಕ್ಲಾಸ್‌ರೂಮಿನ ಕಡೆಯಿಂದಾನೇ ಬರುತ್ತೆ.

ಪ್ರಶ್ನೆ: ಮೇಡಂ, ನಾನು ಎಂಕಾಂ ಎರಡನೇ ವರ್ಷ. ಪಿಯುಸಿವರೆಗೂ ಕನ್ನಡ ಮೀಡಿಯಂ. ಜಿಎಸ್‌ಟಿ ಮೇಲೆ ಅಸೈನ್‌ಮೆಂಟನ್ನ ಮೂರು ದಿನ ಕೂತು ಇಂಗ್ಲಿಷಲ್ಲಿ ನಾನೇ ಬರ್ದೆ. ಸರ್ ಅದನ್ನ ಯಾವ್ದೋ ಸಾಫ್ಟ್‌ವೇರಿಗೆ ಹಾಕಿ 72 ಪರ್ಸೆಂಟ್ ಏಐ ಅಂತ ಬಂತು ಅಂತ ಸೊನ್ನೆ ಕೊಟ್ರು. ಅತ್ರೂ ಕೇಳ್ಲಿಲ್ಲ. ನಾನೇ ಬರ್ದಿದ್ದು ಅಂತ ಹೇಗೆ ತೋರಿಸ್ಲಿ?
— ಹೆಸರು ಬೇಡ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಪುಟ್ಟಿ, ಮೊದಲು ಕಣ್ಣೊರೆಸ್ಕೋ. ಆ 72 ಅನ್ನೋದು ಸಾಕ್ಷಿ ಅಲ್ಲ, ಅಂದಾಜು. ಅಂದಾಜಿನ ಮೇಲೆ ಸೊನ್ನೆ ಹಾಕೋದು ತಪ್ಪು, ಇದನ್ನ ನಾನೂ ಒಬ್ಬ ಮೇಷ್ಟ್ರಾಗಿಯೇ ಹೇಳ್ತಿದೀನಿ.

ಈ ಸಾಫ್ಟ್‌ವೇರ್‌ಗಳು (ಇವನ್ನ ಡಿಟೆಕ್ಟರ್ ಅಂತಾರೆ) ಏನು ಮಾಡ್ತವೆ ಅಂದ್ರೆ, ನಿನ್ನ ವಾಕ್ಯದಲ್ಲಿ ಒಂದು ಪದ ಆದ್ಮೇಲೆ ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸ್ಬೋದು ಅಂತ ಅಳೀತವೆ. ತುಂಬಾ ಊಹಿಸೋ ಹಾಗಿದ್ರೆ ಮಷೀನು ಬರ್ದಿದ್ದು ಅನ್ನುತ್ತೆ, ಎಡವಟ್ಟಾಗಿ ಏರುಪೇರಾಗಿ ಇದ್ರೆ ಮನುಷ್ಯ ಬರ್ದಿದ್ದು ಅನ್ನುತ್ತೆ. ಈಗ ನೀನೇ ಯೋಚ್ನೆ ಮಾಡು, ನಾವೆಲ್ಲ ಇಂಗ್ಲಿಷ್ ಕಲಿತಿದ್ದು ಹೇಗೆ? ಗೈಡ್ ನೋಡಿ ಪ್ರಬಂಧ ಬಾಯಿಪಾಠ ಮಾಡಿ, ತಪ್ಪಾಗ್ಬಾರ್ದು ಅಂತ ಗೊತ್ತಿರೋ ನಾಲ್ಕು ಥರದ ವಾಕ್ಯದಲ್ಲೇ ಸುತ್ತಿ ಸುತ್ತಿ ಬರ್ದು. ಅಂಥ ಇಂಗ್ಲಿಷು ಯಾವ ಮಷೀನಿಗಾದ್ರೂ ಊಹಿಸೋಕೆ ಸುಲಭ. ಇದು ನನ್ನ ಊಹೆ ಮಾತ್ರ ಅಲ್ಲ, 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಡಿಟೆಕ್ಟರ್‌ಗಳಿಗೆ 91 ಟೋಫೆಲ್ ಪ್ರಬಂಧ ಕೊಟ್ಟು ನೋಡಿದ್ರು. ಟೋಫೆಲ್ ಅಂದ್ರೆ ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಬರೆಯೋ ಪರೀಕ್ಷೆ, ಅಂದ್ರೆ ಅವೆಲ್ಲ ಮನುಷ್ಯರೇ ಬರ್ದಿದ್ದು. ಅದ್ರಲ್ಲಿ ಸರಾಸರಿ 61 ಪರ್ಸೆಂಟನ್ನ ಈ ಡಿಟೆಕ್ಟರ್‌ಗಳು ಏಐ ಬರ್ದಿದ್ದು ಅಂದ್ವು! ಅಮೆರಿಕದ ಎಂಟನೇ ಕ್ಲಾಸ್ ಮಕ್ಕಳ ಪ್ರಬಂಧನ ಕೊಟ್ರೆ ಹೆಚ್ಚುಕಮ್ಮಿ ಎಲ್ಲಾ ಸರಿಯಾಗೇ ಹೇಳಿದ್ವು. ಯಾರಿಗೆ ಪೆಟ್ಟು ಬೀಳುತ್ತೆ ಅಂತ ಅರ್ಥ ಆಯ್ತಲ್ಲ.

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿನೇ 2023ರ ಜನವರಿಲಿ ತನ್ನದೇ ಆದ ಡಿಟೆಕ್ಟರ್ ಬಿಟ್ಟಿತ್ತು, ನಿಖರತೆ ಸಾಲಲ್ಲ ಅಂತ ಜುಲೈಯಲ್ಲಿ ತಾನೇ ವಾಪಸ್ ತಗೊಳ್ತು. ಹೆತ್ತೋರಿಗೇ ಗುರುತು ಸಿಗದ ಕೂಸು. ವ್ಯಾಂಡರ್‌ಬಿಲ್ಟ್ ಅಂತ ಇನ್ನೊಂದು ಅಮೆರಿಕದ ವಿಶ್ವವಿದ್ಯಾಲಯ ಅದೇ ವರ್ಷ ಆಗಸ್ಟಲ್ಲಿ ತನ್ನ ಸಾಫ್ಟ್‌ವೇರಿನ ಏಐ ಪತ್ತೆ ಭಾಗನ ಆಫ್ ಮಾಡಿಬಿಡ್ತು. ಅವರ ಲೆಕ್ಕ ಸಿಂಪಲ್, ಹಿಂದಿನ ವರ್ಷ 75,000 ಪೇಪರ್ ಚೆಕ್ ಆಗಿತ್ತು, ಕಂಪನಿ ಹೇಳೋ ಹಾಗೆ ನೂರಕ್ಕೆ ಒಂದೇ ತಪ್ಪಾದ್ರೂ 750 ಪೇಪರ್ ಮೇಲೆ ಸುಳ್ಳು ಆರೋಪ.

ನಮ್ಮಲ್ಲಿ ಇನ್ನೊಂದು ಗೊಂದಲ ಇದೆ. ಯುಜಿಸಿಯ 2018ರ ನಿಯಮದಲ್ಲಿ 10 ಪರ್ಸೆಂಟ್ ತನಕ ಹೋಲಿಕೆ ಇದ್ರೆ ಶಿಕ್ಷೆ ಇಲ್ಲ, 40, 60 ದಾಟಿದ ಹಾಗೆ ಶಿಕ್ಷೆ ಜಾಸ್ತಿ ಅಂತ ಇದೆ. ಅದು ಕೃತಿಚೌರ್ಯದ್ದು. ನಿನ್ನ ಸಾಲು ಬೇರೆ ಪುಸ್ತಕದ ಸಾಲಿಗೆ ಎಷ್ಟು ಹೊಂದುತ್ತೆ ಅನ್ನೋ ಪರ್ಸೆಂಟು. ಅಲ್ಲಿ ಆ ಪುಸ್ತಕನ ತೆಗೆದು ಪಕ್ಕದಲ್ಲಿಟ್ಟು ತೋರಿಸ್ಬೋದು. ಏಐ ಪರ್ಸೆಂಟಿಗೆ ಪಕ್ಕದಲ್ಲಿಡೋಕೆ ಏನೂ ಇಲ್ಲ. ಎರಡನ್ನೂ ಒಂದೇ ಅಂದ್ಕೊಂಡು ಮಾರ್ಕ್ಸ್ ಕಟ್ ಮಾಡೋರು ಬೇಕಾದಷ್ಟು ಜನ ಇದಾರೆ, ನಿಮ್ಮ ಸರ್ ಒಬ್ಬರೇ ಅಲ್ಲ.

ಈಗ ನೀನು ಮಾಡ್ಬೇಕಾದ್ದು. ರಫ್ ನೋಟ್ಸ್ ಇದ್ಯಾ? ಗೂಗಲ್ ಡಾಕ್ಸಲ್ಲಿ ಟೈಪ್ ಮಾಡಿದ್ರೆ ವರ್ಷನ್ ಹಿಸ್ಟರಿ ಅಂತ ಇರುತ್ತೆ, ಯಾವ ದಿನ ಎಷ್ಟು ಹೊತ್ತಿಗೆ ಯಾವ ಸಾಲು ಬರ್ದೆ ಅನ್ನೋದೆಲ್ಲ ಅದ್ರಲ್ಲಿ ಸಿಗುತ್ತೆ. ಲೈಬ್ರರಿಯಿಂದ ತಂದ ಪುಸ್ತಕ, ಮೊಬೈಲಲ್ಲಿ ತೆಗೆದ ಪುಟದ ಫೋಟೋ, ಏನಿದ್ಯೋ ಅದನ್ನೆಲ್ಲ ಫೈಲಿಗೆ ಹಾಕ್ಕೊಂಡು ಹೋಗಿ, "ಸರ್ ಹತ್ತು ನಿಮಿಷ ವೈವಾ ತಗೊಳ್ಳಿ, ಇದ್ರಲ್ಲಿ ಯಾವ ಪ್ಯಾರಾ ಬೇಕಾದ್ರೂ ಕೇಳಿ" ಅನ್ನು. ಒಪ್ಪಲಿಲ್ಲ ಅಂದ್ರೆ ಹೆಚ್‌ಓಡಿಗೆ ಬರವಣಿಗೆಯಲ್ಲಿ ಕೊಡು, ಬಾಯಿಮಾತಲ್ಲಿ ಬೇಡ. ಇಂಥದ್ದೇ ಒಂದು ಪ್ರಕರಣ 2024ರಲ್ಲಿ ಹರಿಯಾಣದ ಒಂದು ಖಾಸಗಿ ಕಾನೂನು ಕಾಲೇಜಿಂದ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ತನಕ ಹೋಗಿತ್ತು, ಕೇಸು ನಡೀತಿರುವಾಗಲೇ ಹುಡುಗನ್ನ ಪಾಸ್ ಮಾಡಿದ್ರು. ನಿನ್ನದು ಅಲ್ಲಿ ತನಕ ಹೋಗೋದು ಬೇಡ, ಆದ್ರೆ ಬಾಗಿಲು ಇದೆ ಅಂತ ಗೊತ್ತಿರ್ಲಿ.

ಅಂದಹಾಗೆ ಕೆಲವು ಮೇಷ್ಟ್ರು ಡಿಟೆಕ್ಟರ್ ಕೂಡ ಬೇಡ ಅಂತ ನೇರ ಚಾಟ್‌ಜಿಪಿಟಿಗೇ ಪೇಪರ್ ಹಾಕಿ "ಇದನ್ನ ನೀನು ಬರ್ದ್ಯಾ" ಅಂತ ಕೇಳ್ತಾರೆ. 2023ರ ಮೇ ತಿಂಗಳಲ್ಲಿ ಟೆಕ್ಸಸ್‌ನಲ್ಲಿ ಒಬ್ಬ ಪ್ರೊಫೆಸರ್ ಹಾಗೇ ಮಾಡಿ ಒಂದಿಡೀ ಕ್ಲಾಸಿನ ಮಕ್ಕಳ ಸರ್ಟಿಫಿಕೇಟಿಗೇ ಕುತ್ತು ತಂದಿದ್ರು. ಚಾಟ್‌ಜಿಪಿಟಿಗೆ ನೆನಪೂ ಇಲ್ಲ, ನಾಚಿಕೆನೂ ಇಲ್ಲ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತೆ. ನನ್ನ ಹಳೇ ಲೇಖನ ಒಂದನ್ನ, ಚಾಟ್‌ಜಿಪಿಟಿ ಹುಟ್ಟೋಕೆ ಮುಂಚೆ ಬರ್ದಿದ್ದು, ಹಾಕಿ ಕೇಳಿದೆ. "ಹೌದು, ನಾನೇ ಬರೆದಂತಿದೆ" ಅಂತು.

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಾ ಗೆಸ್ಟ್ ಲೆಕ್ಚರರ್ ಅದೀನ್ರಿ. ನಾಕ್ ಸೆಕ್ಷನ್, ಇನ್ನೂರಾ ನಲವತ್ತು ಇಂಟರ್ನಲ್ಸ್ ಪೇಪರ್ ಐದ್ ದಿನದಾಗ ತಿದ್ದಬೇಕ್ರಿ. ಫೋಟೋ ಹೊಡ್ದು ಏಐಗೆ ಹಾಕಿದ್ರ ಅದ ಮಾರ್ಕ್ಸ್ ಕೊಡ್ತದ, ನಾ ಮ್ಯಾಲೆ ಒಂದ್ಸಲ ಕಣ್ ಆಡಸ್ತೀನಿ. ಇದ್ರಾಗ ತಪ್ಪೇನರೆ ಐತೇನ್ರಿ?
— ಗೆಸ್ಟ್ ಲೆಕ್ಚರರ್, ಧಾರವಾಡ

ಉತ್ತರ: ಸರ್, ನಿಮ್ಮ ಕಷ್ಟ ಗೊತ್ತು. ಐದು ದಿನಕ್ಕೆ ಇನ್ನೂರಾ ನಲವತ್ತು ಅಂದ್ರೆ ದಿನಕ್ಕೆ ನಲವತ್ತೆಂಟು, ಪಾಠದ ಜೊತೆಗೆ, ಮನೆ ಜೊತೆಗೆ. ಆ ಟೈಮ್‌ಟೇಬಲ್ ಹಾಕಿದವರನ್ನ ಮೊದಲು ಬೈಬೇಕು, ಆಮೇಲೆ ನಿಮ್ಮನ್ನ. ಆದ್ರೂ ಕೇಳಿದೀರಲ್ಲ ಅದಕ್ಕೆ ಹೇಳ್ತೀನಿ, ಮಾರ್ಕ್ಸ್ ಹಾಕೋ ಕೆಲಸ ಅದಕ್ಕೆ ಕೊಡ್ಬೇಡಿ.

ನಾನೂ ಸುಮ್ನೆ ಟೆಸ್ಟ್ ಮಾಡೋಕೆ ಅಂತ, ನಾನೇ ಬರ್ದ ಒಂದು ಉತ್ತರನ ಹತ್ತು ಮಾರ್ಕ್ಸಿಗೆ ತಿದ್ದು ಅಂತ ಕೊಟ್ಟೆ, ಆರು ಬಂತು. ಮಾರನೇ ದಿನ ಅದೇ ಉತ್ತರ, ಒಂದಕ್ಷರ ಬದಲಾಗಿಲ್ಲ, ಎಂಟು ಬಂತು. ಮಧ್ಯ ಒಂದು ತಪ್ಪು ಸೇರ್ಸಿ ಭಾಷೆ ಚೆನ್ನಾಗಿ ಮಾಡಿ ಕೊಟ್ಟೆ, ಆಗ್ಲೂ ಎಂಟೇ. ಹುಡುಗ ನಿಮ್ಮ ಟೇಬಲ್ ಹತ್ರ ಬಂದು "ಸರ್, ನನಗ್ಯಾಕೆ ಆರು, ಅವನಿಗ್ಯಾಕೆ ಎಂಟು" ಅಂದ್ರೆ ನೀವು ಏನಂತೀರ? ಸಹಿ ನಿಮ್ಮದು, ಕಾರಣ ಮಾತ್ರ ನಿಮ್ಮ ಹತ್ರ ಇಲ್ಲ. "ಕಣ್ ಆಡಸ್ತೀನಿ" ಅಂದ್ರಲ್ಲ, ಅದೂ ಮೊದಲ ಇಪ್ಪತ್ತು ಪೇಪರಿಗೆ ಮಾತ್ರ ಸರ್. ಮೊದಲೇ ಒಂದು ನಂಬರ್ ಕಣ್ಣೆದುರಿಗೆ ಇದ್ರೆ ನಮ್ಮ ಕೈ ಅದ್ರ ಹತ್ರಾನೇ ಹೋಗುತ್ತೆ, ಸೆಂಟ್ರಲ್ ವ್ಯಾಲ್ಯುಯೇಶನ್ನಲ್ಲಿ ಎರಡನೇ ವ್ಯಾಲ್ಯುಯೇಟರ್‌ಗೆ ಮೊದಲನೆಯವರ ಮಾರ್ಕ್ಸ್ ಯಾಕೆ ತೋರಿಸಲ್ಲ ಹೇಳಿ.

ಮಕ್ಕಳ ಭವಿಷ್ಯನ ಲೆಕ್ಕಾಚಾರಕ್ಕೆ ಬಿಟ್ರೆ ಏನಾಗುತ್ತೆ ಅನ್ನೋದು ಇಂಗ್ಲೆಂಡಲ್ಲಿ 2020ರಲ್ಲೇ ಗೊತ್ತಾಗಿದೆ. ಕೋವಿಡ್‌ನಿಂದ ಎ ಲೆವೆಲ್ ಪರೀಕ್ಷೆ, ಅಂದ್ರೆ ನಮ್ಮ ಪಿಯುಸಿ ಥರದ್ದು, ನಡೀಲಿಲ್ಲ, ಅಲ್ಲಿಯ ಪರೀಕ್ಷಾ ಸಂಸ್ಥೆ ಆಫ್‌ಕ್ವಾಲ್ ಒಂದು ಅಲ್ಗಾರಿದಮ್ ಮಾಡ್ತು. ಸ್ಕೂಲಿನ ಹಿಂದಿನ ವರ್ಷಗಳ ರಿಸಲ್ಟ್ ನೋಡಿ ಈ ವರ್ಷದ ಮಗುವಿಗೆ ಗ್ರೇಡು. ಮೇಷ್ಟ್ರು ಅಂದಾಜು ಮಾಡಿ ಕೊಟ್ಟಿದ್ದ ಗ್ರೇಡುಗಳಲ್ಲಿ ಸುಮಾರು 40 ಪರ್ಸೆಂಟ್ ಕೆಳಗಿಳೀತು, ಮಕ್ಕಳು ಬೀದಿಗಿಳಿದ್ರು, ಆಗಸ್ಟ್ 17ಕ್ಕೆ ಸರ್ಕಾರ ವಾಪಸ್ ತಗೊಳ್ತು. ಅದು ಈಗಿನ ಥರದ ಏಐ ಕೂಡ ಅಲ್ಲ, ಬರೀ ಫಾರ್ಮುಲಾ. ಯುರೋಪಿನವರು 2024ರಲ್ಲಿ ತಂದ ಏಐ ಕಾಯ್ದೆಯಲ್ಲಿ ವಿದ್ಯಾರ್ಥಿಗಳ ಕಲಿಕೆ ಅಳೆಯೋ ಏಐನ ಹೆಚ್ಚು ಅಪಾಯದ ಪಟ್ಟಿಗೇ ಸೇರಿಸಿದಾರೆ, ಅಂಥದ್ದಕ್ಕೆ ಮನುಷ್ಯರ ಮೇಲ್ವಿಚಾರಣೆ ಇರ್ಬೇಕು ಅಂತ ಆ ಕಾಯ್ದೆ ಹೇಳುತ್ತೆ.

ಮತ್ತೆ ಆ ಫೋಟೋ. ಪೇಪರ್ ಮೇಲೆ ಹೆಸರು ಇರುತ್ತೆ, ರಿಜಿಸ್ಟರ್ ನಂಬರ್ ಇರುತ್ತೆ, ಕೈಬರಹ ಇರುತ್ತೆ. ಅದು ಮಗುವಿನದ್ದು, ನಿಮ್ಮದೂ ಅಲ್ಲ ಕಾಲೇಜಿಂದೂ ಅಲ್ಲ. ನಿಮ್ಮ ಪರ್ಸನಲ್ ಅಕೌಂಟಿಂದ ಯಾವುದೋ ದೇಶದ ಸರ್ವರಿಗೆ ಕಳ್ಸಿದ್ರೆ ವಾಪಸ್ ತರೋಕಾಗಲ್ಲ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಅದ್ರಲ್ಲಿ ಹದಿನೆಂಟರ ಒಳಗಿನವರೆಲ್ಲ ಮಕ್ಕಳೇ, ಮತ್ತೆ ಡಿಗ್ರಿ ಮೊದಲ ಸೆಮಿಸ್ಟರಲ್ಲಿ ಹದಿನೇಳರವರು ಎಷ್ಟು ಜನ ಇರ್ತಾರೆ ಅಂತ ನಿಮಗೇ ಗೊತ್ತು.

ಹಾಗಂತ ಕೈ ಕಟ್ಕೊಂಡು ಕೂರಿ ಅಂತಲ್ಲ. ಪ್ರಶ್ನೆಪತ್ರಿಕೆಯ ಡ್ರಾಫ್ಟ್ ಮಾಡಿಸಿ, ಮಾಡೆಲ್ ಉತ್ತರಕ್ಕೆ ಯಾವ ಪಾಯಿಂಟಿಗೆ ಎಷ್ಟು ಮಾರ್ಕ್ಸ್ ಅನ್ನೋ ಸ್ಕೀಮ್ ಮಾಡಿಸಿ ನೀವೇ ತಿದ್ದಿ. ಸ್ಕೀಮ್ ಚೆನ್ನಾಗಿದ್ರೆ ಪೇಪರ್ ತಿದ್ದೋದು ಅರ್ಧ ಹಗುರ ಆಗುತ್ತೆ. ತಿದ್ದಿದ್ ಮೇಲೆ ಹೆಸರಿಲ್ದೆ "ನನ್ನ ಕ್ಲಾಸಲ್ಲಿ ಬಹಳ ಜನ ಈ ಮೂರು ತಪ್ಪು ಮಾಡಿದಾರೆ, ಮತ್ತೆ ಪಾಠ ಮಾಡೋಕೆ ಒಂದು ಉದಾಹರಣೆ ಕೊಡು" ಅಂತ ಕೇಳಿ. ಅಲ್ಲಿ ಅದು ನಿಜವಾಗ್ಲೂ ಕೈ ಹಿಡಿಯುತ್ತೆ.

ಪ್ರಶ್ನೆ: ನಮ್ಮ ಸರ್ ಅಸೈನ್‌ಮೆಂಟಲ್ಲಿ ಏಐ ಮುಟ್ಟಿದ್ರೆ ಇಂಟರ್ನಲ್ಸ್ ಕಟ್ ಅಂತಾರೆ, ಅವರ ಪಿಪಿಟಿ ಮಾತ್ರ ಪೂರ್ತಿ ಚಾಟ್‌ಜಿಪಿಟಿದು. ಒಂದು ಸ್ಲೈಡಲ್ಲಿ "ಇದನ್ನು ಇನ್ನಷ್ಟು ಸರಳಗೊಳಿಸಬೇಕೇ?" ಅಂತ ಹಾಗೇ ಉಳ್ದಿತ್ತು, ಇಡೀ ಕ್ಲಾಸ್ ನಕ್ತು. ಇದು ಫೇರಾ?
— ಬಿಸಿಎ ಹುಡುಗರು, ಬೆಂಗಳೂರು

ಉತ್ತರ: ನಕ್ಕಿದ್ದು ಸರಿ. ಫೇರ್ ಅಲ್ಲ.

2025ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಥೇಟ್ ಇದೇ ಕಥೆ ಆಯ್ತು. ಪ್ರೊಫೆಸರ್ ನೋಟ್ಸಲ್ಲಿ ಚಾಟ್‌ಜಿಪಿಟಿಗೆ ಕೊಟ್ಟ ಸೂಚನೆ ಹಾಗೇ ಉಳ್ದಿದ್ದನ್ನ ಒಬ್ಬ ವಿದ್ಯಾರ್ಥಿನಿ ನೋಡಿ, ನಾವು ಬಳಸ್ಬಾರ್ದು ನೀವು ಬಳಸ್ಬೋದಾ ಅಂತ ಆ ಕೋರ್ಸಿನ ಫೀಸು, 8,000 ಡಾಲರಿಗೂ ಜಾಸ್ತಿ, ವಾಪಸ್ ಕೊಡಿ ಅಂತ ದೂರು ಕೊಟ್ಲು. ದುಡ್ಡು ಸಿಗ್ಲಿಲ್ಲ, ಮಾತು ಮಾತ್ರ ಊರೆಲ್ಲ ಆಯ್ತು.

ಇದಕ್ಕೂ ಹಳೇದೊಂದಿದೆ. 2016ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಅಶೋಕ್ ಗೋಯಲ್ ಅನ್ನೋ ಪ್ರೊಫೆಸರ್ ತಮ್ಮ ಆನ್‌ಲೈನ್ ಕೋರ್ಸಿಗೆ ಜಿಲ್ ವಾಟ್ಸನ್ ಅಂತ ಒಂದು ಏಐ ಟೀಚಿಂಗ್ ಅಸಿಸ್ಟೆಂಟನ್ನ ಇಟ್ರು, ಮಕ್ಕಳಿಗೆ ಹೇಳಿದ್ದು ಸೆಮಿಸ್ಟರ್ ಮುಗಿಯೋ ಹೊತ್ತಿಗೆ. ಬಹಳ ಜನಕ್ಕೆ ಖುಷಿನೇ ಆಯ್ತಂತೆ. ನನಗೆ ಮಾತ್ರ ಯಾಕೋ ಒಗ್ಗಲ್ಲ, ಯಾರ ಜೊತೆ ಮಾತಾಡ್ತಿದೀನಿ ಅಂತ ಗೊತ್ತಾಗೋದು ಕಲಿಯೋನ ಹಕ್ಕು ಅಲ್ವಾ. ನೀವು ಸರ್ ಹತ್ರ ಜಗಳಕ್ಕೆ ಹೋಗ್ಬೇಡಿ. "ಸರ್, ನೀವು ಪಾಠಕ್ಕೆ ಹೇಗೆ ಬಳಸ್ತೀರ ಅಂತ ಒಂದು ಪೀರಿಯಡ್ ತೋರ್ಸಿ, ನಾವೂ ಕಲೀತೀವಿ" ಅಂತ ಕೇಳಿ ನೋಡಿ. ಅರ್ಥ ಆಗ್ಬೇಕಾದೋರಿಗೆ ಅರ್ಥ ಆಗುತ್ತೆ. ನಾನು ನನ್ನ ಸ್ಲೈಡಿನ ಕೊನೇಲಿ ಎರಡು ಸಾಲು ಹಾಕ್ತೀನಿ, ಚಿತ್ರ ಏಐದು, ಉದಾಹರಣೆ ಏಐ ಕೊಟ್ಟಿದ್ದು ನಾನು ಚೆಕ್ ಮಾಡಿದ್ದು, ಅಂತ. ಮೊದಲ ದಿನ ಹಾಗೆ ಹಾಕೋಕೆ ಸ್ವಲ್ಪ ಸಂಕೋಚ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ.

ಪ್ರಶ್ನೆ: ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಕೋಡೆಲ್ಲ ಏಐ ಹತ್ರಾನೇ ಬರೆಸ್ತಾಳೆ, ಕೇಳಿದ್ರೆ "ಅಪ್ಪಾ, ಕಂಪನೀಲೂ ಹೀಗೇ ಮಾಡೋದು" ಅಂತಾಳೆ. ನನಗೆ ಇದೆಲ್ಲ ಗೊತ್ತಾಗಲ್ಲ. ಅವಳು ಕಲೀತಿದಾಳಾ ಇಲ್ವಾ?
— ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಅವಳು ಹೇಳೋದು ಪೂರ್ತಿ ಸುಳ್ಳಲ್ಲ. ಆದ್ರೆ ಟರ್ಕಿಯ ಹೈಸ್ಕೂಲೊಂದರಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಮಾಡಿದ್ರು. ಗಣಿತ ಪ್ರಾಕ್ಟೀಸಿಗೆ ಏಐ ಕೊಟ್ರೆ ಪ್ರಾಕ್ಟೀಸ್ ಲೆಕ್ಕದಲ್ಲಿ 48 ಪರ್ಸೆಂಟ್ ಜಾಸ್ತಿ ಅಂಕ. ಏಐ ಕಿತ್ಕೊಂಡು ಪರೀಕ್ಷೆ ಇಟ್ಟಾಗ, ಏಐ ಮುಟ್ಟದೇ ಇದ್ದ ಮಕ್ಕಳಿಗಿಂತ 17 ಪರ್ಸೆಂಟ್ ಕಮ್ಮಿ. ಇದ್ರಲ್ಲಿ ಕುತೂಹಲದ ವಿಷ್ಯ ಏನಂದ್ರೆ, ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಬರೀ ಸುಳಿವು ಕೊಡೋ ಥರ ಮಾಡಿದ ಏಐ ಕೊಟ್ಟಿದ್ರು, ಅವರಿಗೆ ಆ ನಷ್ಟ ಹೆಚ್ಚುಕಮ್ಮಿ ಆಗ್ಲೇ ಇಲ್ಲ. ಹಾರ್ವರ್ಡಲ್ಲಿ ಸಿಎಸ್50 ಅನ್ನೋ ಹೆಸರುವಾಸಿ ಕಂಪ್ಯೂಟರ್ ಕೋರ್ಸಿಗೆ 2023ರಿಂದ ಬಾತುಕೋಳಿ ಹೆಸರಿನ ಒಂದು ಏಐ ಇಟ್ಟಿದಾರೆ, ಅದೂ ಅಷ್ಟೇ, ಕೋಡ್ ಬರ್ದು ಕೈಗೆ ಕೊಡಲ್ಲ, ದಾರಿ ತೋರ್ಸುತ್ತೆ.

ಅಂದ್ರೆ ಬಳಸ್ತಾಳಾ ಅನ್ನೋದಕ್ಕಿಂತ ಹೇಗೆ ಬಳಸ್ತಾಳೆ ನೋಡಿ. ನಿಮಗೆ ಕೋಡಿಂಗ್ ಗೊತ್ತಿರ್ಬೇಕಿಲ್ಲ. ರಾತ್ರಿ ಊಟ ಆದ್ಮೇಲೆ "ಇವತ್ತು ಮಾಡಿದ್ದನ್ನ ನನಗೆ ಅರ್ಥ ಆಗೋ ಹಾಗೆ ಹೇಳಮ್ಮ" ಅನ್ನಿ. ಈ ಸಾಲು ಯಾಕೆ, ಇದನ್ನ ತೆಗೆದ್ರೆ ಏನಾಗುತ್ತೆ, ಅಷ್ಟು ಕೇಳಿ. ಅವಳು ತಡವರಿಸಿದ್ರೆ ನಿಮಗಿಂತ ಮೊದಲು ಅವಳಿಗೇ ಗೊತ್ತಾಗುತ್ತೆ.

ಪ್ರಶ್ನೆ: ಕನ್ನಡ ಎಂಎ ಪಾಠ ಮಾಡ್ತೀನಿ. ವಚನದ ಮೇಲಿನ ಸೆಮಿನಾರಲ್ಲಿ ಮೂರು ಮಕ್ಕಳು ನಾನು ಜನ್ಮದಲ್ಲಿ ಕೇಳದೇ ಇರೋ ಬಸವಣ್ಣನ ವಚನಗಳನ್ನ ಉಲ್ಲೇಖ ಮಾಡಿದ್ರು. ಕೇಳಿದ್ರೆ ಏಐ ಕೊಟ್ಟಿದ್ದು ಅಂತಾರೆ. ಏಐನ ನಿಷೇಧ ಮಾಡ್ಬಿಡ್ಲಾ?
— ಪ್ರಾಧ್ಯಾಪಕಿ, ಕಲಬುರಗಿ

ಉತ್ತರ: ಮೇಡಂ, ಪತ್ರ ಓದಿ ನಗು ಬಂತು, ಯಾಕಂದ್ರೆ ನನ್ನ ಕ್ಲಾಸಲ್ಲೂ ಬಂದಿತ್ತು! ಅಕ್ಕಮಹಾದೇವಿಯ ವಚನ ಅಂತ ಕೊಟ್ಟಿದ್ರ ಕೊನೇಲಿ "ಗುಹೇಶ್ವರ" ಅಂತ ಅಂಕಿತ. ಪಾಪ, ಅಲ್ಲಮನಿಗೆ ಗೊತ್ತಾಗಿದ್ರೆ ಏನಂತಿದ್ರೋ. ಇನ್ನೊಂದ್ರಲ್ಲಿ ಅಂಕಿತ ಸರಿಯಾಗೇ ಇತ್ತು, ಕೂಡಲಸಂಗಮದೇವ ಅಂತಾನೇ, ಒಳಗಡೆ ನೋಡಿದ್ರೆ "ಪರಿಸರ ಸಂರಕ್ಷಣೆ". ಹನ್ನೆರಡನೇ ಶತಮಾನದಲ್ಲಿ!

ಇದು ಯಾಕಾಗುತ್ತೆ ಅಂದ್ರೆ ಅದು ನೆನಪಿಂದ ತೆಗೆದು ಕೊಡೋದಲ್ಲ, ವಚನದ ಹಾಗೆ ಕೇಳಿಸೋ ಸಾಲನ್ನ ಆಗಿಂದಾಗ್ಗೆ ಕಟ್ಟೋದು. ಇಂಗ್ಲಿಷಿಗೆ ಹೋಲಿಸಿದ್ರೆ ಅದು ಓದಿರೋ ಕನ್ನಡ ತುಂಬಾ ಕಮ್ಮಿ, ಅದ್ರಲ್ಲೂ ಹಳಗನ್ನಡ ನಡುಗನ್ನಡ ಇನ್ನೂ ಕಮ್ಮಿ. ಗೊತ್ತಿಲ್ಲ ಅನ್ನೋಕೆ ಬಾಯಿ ಬರಲ್ಲ, ಹಾಗಾಗಿ ಹೊಸೆದುಬಿಡುತ್ತೆ.

ನಿಷೇಧ ಮಾಡ್ಬೇಡಿ ಮೇಡಂ, ಆ ಸುಳ್ಳು ವಚನಗಳನ್ನೇ ಪಾಠಕ್ಕೆ ತಗೊಳ್ಳಿ. ನಾನು ಹೋದ ಸೆಮಿಸ್ಟರಲ್ಲಿ ಹಾಗೇ ಮಾಡಿದೆ. ಹತ್ತು ವಚನ ಬೋರ್ಡ್ ಮೇಲೆ ಬರ್ದೆ, ಐದು ನಿಜದ್ದು, ಐದು ಮಷೀನಿಂದು, ಯಾವುದು ಯಾವುದು ಹೇಳಿ, ಬರೀ ಹೇಳಿದ್ರೆ ಸಾಲದು ಯಾಕೆ ಅಂತನೂ ಹೇಳಿ ಅಂದೆ. ಮೊದಮೊದಲು ಎಲ್ಲ ಅಂಕಿತ ನೋಡ್ತಿದ್ರು. ಆಮೇಲೆ ಪದ ನೋಡೋಕೆ ಶುರು ಮಾಡಿದ್ರು, ಈ ಪದ ಆ ಕಾಲದಲ್ಲಿ ಈ ಅರ್ಥದಲ್ಲಿ ಇತ್ತಾ ಅಂತ. ಆಮೇಲೆ ಒಬ್ಬ ಹುಡುಗ, ಯಾವತ್ತೂ ಬಾಯಿ ಬಿಡದೇ ಇರೋನು, ಎದ್ದು ನಿಂತು "ಮೇಡಂ ಇದ್ರಲ್ಲಿ ಜಗಳನೇ ಇಲ್ಲ, ವಚನಕಾರ್ರು ಯಾರನ್ನೋ ಬೈತಿರ್ತಾರೆ ಇಲ್ಲಾ ತಮ್ಮನ್ನೇ ಬೈಕೊಳ್ತಿರ್ತಾರೆ, ಇದು ಬರೀ ಬುದ್ಧಿ ಹೇಳ್ತಿದೆ" ಅಂದ. ಇಷ್ಟು ವರ್ಷ ಶೈಲಿ ಅಂದ್ರೇನು ಅಂತ ಪಾಠ ಮಾಡಿದ್ದೆಲ್ಲ ಒಂದು ಕಡೆ, ಆ ಒಂದು ಮಾತು ಒಂದು ಕಡೆ. ಚೆಕ್ ಮಾಡೋಕೆ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟ ನಿಮ್ಮ ಲೈಬ್ರರೀಲಿ ಇರ್ಬೇಕು, ಇಲ್ಲಾಂದ್ರೆ ಆನ್‌ಲೈನಲ್ಲಿ ವಚನ ಸಂಚಯ ಇದೆ, ಒಂದು ಪದ ಹಾಕಿದ್ರೆ ಯಾರ್ಯಾರು ಎಲ್ಲೆಲ್ಲಿ ಬಳಸಿದಾರೆ ಅಂತ ತೋರ್ಸುತ್ತೆ. ಮಕ್ಕಳ ಕೈಗೆ ಅದನ್ನ ಕೊಡಿ, ಹಿಡ್ಕೊಂಡ್ರೆ ಬಿಡಲ್ಲ.

ಪ್ರಶ್ನೆ: ಪಿಹೆಚ್‌ಡಿ ಮಾಡ್ತಿದೀನಿ. ಪೇಪರಲ್ಲಿ ಏಐನ ಸಹ ಲೇಖಕ ಅಂತ ಹಾಕ್ಬೇಕಾ? ರೆಫರೆನ್ಸ್ ಅದ್ರ ಹತ್ರ ತಗೋಬೋದಾ?
— ಸಂಶೋಧನಾರ್ಥಿ, ಮಂಗಳೂರು

ಉತ್ತರ: ಹಾಕ್ಬಾರ್ದು. ನೇಚರ್ ಪತ್ರಿಕೆ 2023ರ ಜನವರಿಲೇ ಹೇಳಿದೆ, ಲೇಖಕ ಅಂದ್ರೆ ಬರ್ದಿದ್ದಕ್ಕೆ ಜವಾಬು ಕೊಡೋನು, ಏಐ ಕೊಡಲ್ಲ. ಯಾವ ಕೆಲಸಕ್ಕೆ ಬಳಸಿದ್ರಿ ಅಂತ ವಿಧಾನದ ಭಾಗದಲ್ಲಿ ಬರೀರಿ, ಸಾಕು.

ರೆಫರೆನ್ಸ್ ಮಾತ್ರ ಹುಷಾರು. 2023ರಲ್ಲಿ ನ್ಯೂಯಾರ್ಕಲ್ಲಿ ಇಬ್ರು ವಕೀಲರು ಏಐ ಹುಟ್ಟಿಸಿದ ತೀರ್ಪುಗಳನ್ನ ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದ್ರು. ಒಂದೊಂದು ಪೇಪರನ್ನೂ ತೆಗೆದು, ಪುಟ ತೆರೆದು, ಓದಿದ್ಮೇಲೆ ಹಾಕಿ. ಓದದೇ ಇರೋದನ್ನ ಪಟ್ಟೀಲಿ ಹಾಕೋ ಚಾಳಿ ಏಐಗಿಂತ ಬಹಳ ಹಳೇದು, ಅದು ನಿಮಗೂ ಗೊತ್ತು ನಿಮ್ಮ ಗೈಡಿಗೂ ಗೊತ್ತು.

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಕಾಲೇಜು. ಏಐ ಬಗ್ಗೆ ಒಂದು ಪಾಲಿಸಿ ಮಾಡಿ ಅಂತ ಹೇಳಿದಾರೆ. ಬೇರೆ ಕಾಲೇಜಿನದ್ದು ನೋಡಿದೆ, ನಲವತ್ತು ಪುಟ ಇದೆ. ಎಲ್ಲಿಂದ ಶುರು ಮಾಡ್ಲಿ?
— ಪ್ರಿನ್ಸಿಪಾಲರು, ತುಮಕೂರು ಜಿಲ್ಲೆ

ಉತ್ತರ: ಆ ನಲವತ್ತು ಪುಟನ ಏಐನೇ ಬರ್ದಿರುತ್ತೆ, ಬಿಡಿ ಸರ್. ನೋಟಿಸ್ ಬೋರ್ಡಲ್ಲಿ ಹಿಡಿಸೋ ಒಂದೇ ಹಾಳೆ ಸಾಕು.

ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದವರದ್ದು ನನಗೆ ಹಿಡಿಸ್ತು. ಅವರು ಪರೀಕ್ಷೆಗಳನ್ನ ಎರಡು ದಾರಿ ಮಾಡಿದಾರೆ. ಒಂದು, ಕಣ್ಣೆದುರಿಗೆ ಕೂರಿಸಿ ಬರೆಸೋದು, ವೈವಾ, ಲ್ಯಾಬ್, ಅಲ್ಲಿ ಮೇಷ್ಟ್ರು ಬೇಕು ಅಂದ್ರೆ ಮಾತ್ರ ಏಐ. ಇನ್ನೊಂದು, ಮನೆಗೆ ಕೊಡೋದು, ಅಲ್ಲಿ ಏಐ ಬಳಸ್ತಾರೆ ಅಂತ ಒಪ್ಪಿಕೊಂಡೇ ಕೊಡೋದು. ಮಧ್ಯದ ದಾರಿ, ಅಂದ್ರೆ ಮನೆಗೆ ಕೊಟ್ಟು ಮುಟ್ಬೇಡಿ ಅನ್ನೋದು, ಇಲ್ಲ. ಯಾಕಂದ್ರೆ ಅದನ್ನ ಕಾಯೋಕೆ ಯಾರಿಂದ್ಲೂ ಆಗಲ್ಲ, ಪ್ರಾಮಾಣಿಕವಾಗಿ ಇರೋ ಹುಡುಗಿಗೆ ಮಾತ್ರ ನಷ್ಟ. ನಮ್ಮಲ್ಲೂ ಅಷ್ಟೇ ಸರ್, ಪ್ರಾಜೆಕ್ಟ್ ರಿಪೋರ್ಟು ಝೆರಾಕ್ಸ್ ಅಂಗಡೀಲಿ ಬೈಂಡಿಂಗ್ ಸಮೇತ ಸಿಗ್ತಿದ್ದ ಕಾಲದಲ್ಲಿ ನಾವೇನು ಕಾದ್ವಿ? ಆಗ್ಲೂ ಎರಡು ಪ್ರಶ್ನೆ ಕೇಳಿದ್ರೆ ಗೊತ್ತಾಗ್ತಿತ್ತು, ಕೇಳೋಕೆ ನಮಗೆ ಪುರುಸೊತ್ತಿರ್ಲಿಲ್ಲ.

ಹಾಳೇಲಿ ಮೇಷ್ಟ್ರ ಪಾಲಿನ ನಿಯಮನ ಮೊದಲು ಹಾಕಿ, ಮಕ್ಕಳದ್ದು ಆಮೇಲೆ. ಡಿಟೆಕ್ಟರ್ ನಂಬರ್ ಒಂದರಿಂದಲೇ ಯಾರಿಗೂ ಮಾರ್ಕ್ಸ್ ಕಟ್ ಇಲ್ಲ, ಮಾರ್ಕ್ಸ್ ಹಾಕೋದು ಮನುಷ್ಯರೇ, ಮಕ್ಕಳ ಹೆಸರು ನಂಬರ್ ಹೊರಗಿನ ಆಪಿಗೆ ಹಾಕೋ ಹಾಗಿಲ್ಲ, ಪಾಠಕ್ಕೆ ಏಐ ಬಳಸಿದ್ರೆ ಹೇಳೋದು. ಆಮೇಲೆ ಪ್ರತಿ ಅಸೈನ್‌ಮೆಂಟ್ ಮೇಲೂ ಏಐ ಎಲ್ಲಿ ತನಕ ಸರಿ ಅಂತ ಒಂದು ಸಾಲು, ಅದೂ ಕನ್ನಡದಲ್ಲಿ.

ಇನ್ನೊಂದು ನೋಡ್ಕೊಳ್ಳಿ. 2025ರಲ್ಲಿ ಒಂದು ವರ್ಷ ಫ್ರೀ, ಸಿಮ್ ಜೊತೆ ಫ್ರೀ ಅಂತ ಕಂಪನಿಗಳು ಏಐನ ದುಡ್ಡಿನ ಪ್ಲಾನನ್ನ ಪುಕ್ಕಟೆ ಹಂಚಿದ್ವು. ಅದು ಮುಗಿದ ತಿಂಗಳು ನಿಮ್ಮ ಕ್ಲಾಸಲ್ಲಿ ಯಾರ ಹತ್ರ ಇರುತ್ತೆ ಯಾರ ಹತ್ರ ಇರಲ್ಲ ಅಂತ ಲೆಕ್ಕ ಹಾಕಿ. ಏಐ ಬಳಸಿಯೇ ಮಾಡ್ಬೇಕಾದ ಅಸೈನ್‌ಮೆಂಟ್ ಕೊಡೋದಾದ್ರೆ, ಕಾಲೇಜ್ ಲ್ಯಾಬನ್ನ ಕೊನೇ ಬಸ್ ಹೊರಡೋ ತನಕನಾದ್ರೂ ತೆಗೆದಿಡ್ಸಿ. ಲ್ಯಾಬ್ ಬೀಗದ ಕೈ ಯಾರ ಹತ್ರ ಇರುತ್ತೆ ಅನ್ನೋದನ್ನೂ ಅದೇ ಹಾಳೇಲಿ ಬರ್ಸಿ.